ಭಾನುವಾರದ ಮಾತುಕತೆಗೆ ಹರು ಉರಾರ

ಸದಸ್ಯರ ಗಮನಕ್ಕೆ: ಈ ಭಾನುವಾರದ ಮಾತುಕತೆಗೆ ಗೆದ್ದ ಕುದುರೆಯ ಬದಲು, ಓಡಿದ 113 ಪಂದ್ಯಗಳಲ್ಲಿ ಒಂದನ್ನೂ ಗೆಲ್ಲದ ಜಪಾನಿನ ಹೆಣ್ಣು ಕುದುರೆ ಹರು ಉರಾರಳನ್ನು ಆರಿಸಿಕೊಂಡಿದ್ದೇವೆ. ದೇಶ ಆರ್ಥಿಕ ಹಿಂಜರಿತದಿಂದ ಬಸವಳಿದಿದ್ದಾಗ, ಸಾಲದಲ್ಲಿ ಮುಳುಗಿ ಮುಚ್ಚುವ ಸ್ಥಿತಿಗೆ ಬಂದಿದ್ದ ಕೊಚಿ ರೇಸ್‌ಕೋರ್ಸಿಗೆ (ಕೇರಳದ ಕೊಚ್ಚಿಯಲ್ಲ, ಶಿಕೊಕು ದ್ವೀಪದ್ದು) ಜನ ಹರಿದುಬಂದದ್ದು, ಸೋತರೂ ಓಡುವುದನ್ನು ಬಿಡದ ಇವಳನ್ನು ನೋಡಲೆಂದೇ. ಜಪಾನಿ ಭಾಷೆಯಲ್ಲಿ ‘ಬಾಜಿ ತಗುಲದು’, ‘ವಾಹನ ತಗುಲದು’ ಎರಡಕ್ಕೂ ಒಂದೇ ಕ್ರಿಯಾಪದವಿರುವುದರಿಂದ, ಅವಳ ಸೋತ ಟಿಕೆಟ್ಟನ್ನು ಅಪಘಾತ ತಡೆಯುವ ತಾಯಿತದಂತೆ ಇಟ್ಟುಕೊಳ್ಳುತ್ತಿದ್ದರು; ಇಡೀ ಕಥೆಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದೇ. 2004ರ ಮಾರ್ಚ್ 22ರಂದು ಹೆಸರಾಂತ ಜಾಕಿ ಯುಟಾಕ ಟಾಕೆ ಏರಿ ಕುಳಿತಾಗಲೂ, ಗುಲಾಬಿ ಮುಖವಾಡ ತೊಟ್ಟ ಹರು ಉರಾರ 11 ಕುದುರೆಗಳಲ್ಲಿ 10ನೆಯವಳಾಗಿಯೇ ಬಂದಳು. ಸಂಜೆ 5ಕ್ಕೆ ಎಂದಿನ ಜಾಗದಲ್ಲಿ ಸೇರೋಣ.