ಯುದ್ಧದ ಹೊಣೆ ಜನಸಾಮಾನ್ಯರ ಮೇಲೇಕೆ?

ಮಾನ್ಯ ಸಂಪಾದಕರೇ,

ಯುದ್ಧ ಸಾರಿದ ಸರ್ಕಾರದ ತಪ್ಪಿಗೆ ಆ ದೇಶದ ಪ್ರಜೆಗಳೆಲ್ಲರೂ ಆರ್ಥಿಕ ನಿರ್ಬಂಧಗಳ ಮೂಲಕ ಬೆಲೆ ತೆರಬೇಕೆಂಬ ವಾದ ಒಪ್ಪತಕ್ಕದ್ದಲ್ಲ. ತಾನು ಮಾಡದ ಅಪರಾಧಕ್ಕೆ ಯಾರನ್ನೂ ದಂಡಿಸಕೂಡದು, ಸಾಮೂಹಿಕ ಶಿಕ್ಷೆ ಸಲ್ಲದು ಎಂದು ಯುದ್ಧಕಾಲದಲ್ಲಿ ನಾಗರಿಕರನ್ನು ರಕ್ಷಿಸುವ 1949ರ ನಾಲ್ಕನೇ ಜಿನೀವಾ ಒಪ್ಪಂದದ 33ನೇ ವಿಧಿ ಹೇಳುತ್ತದೆ. ಆರ್ಥಿಕ ನಿರ್ಬಂಧಗಳಿಗೆ ಅದು ನೇರವಾಗಿ ಅನ್ವಯಿಸದಿರಬಹುದು. ಅದರ ಹಿಂದಿನ ನ್ಯಾಯ ಅನ್ವಯಿಸಲೇಬೇಕು.

ಇರಾಕ್ ಅನ್ನೇ ನೋಡಿ. 1990ರ ಆಗಸ್ಟ್‌ನಲ್ಲಿ ಕುವೈತ್ ಮೇಲೆ ದಾಳಿಗೆ ಆದೇಶಿಸಿದ್ದು ಅಲ್ಲಿನ ಅಧ್ಯಕ್ಷ ಸದ್ದಾಂ ಹುಸೇನ್. ವಿಶ್ವಸಂಸ್ಥೆ ಹೇರಿದ ವ್ಯಾಪಾರ ನಿರ್ಬಂಧದಿಂದ ಆಹಾರ, ಔಷಧಕ್ಕೆ ಪರದಾಡಿದ್ದು ಮಾತ್ರ ಜನ. ತೈಲ ಮಾರಿದ ಹಣದಲ್ಲಿ ಆಹಾರ, ಔಷಧ ಕೊಳ್ಳಲು ಅವಕಾಶ ಕೊಟ್ಟ ‘ಆಹಾರಕ್ಕಾಗಿ ತೈಲ’ ಯೋಜನೆಯ ಮೊದಲ ಆಹಾರ ಅಲ್ಲಿಗೆ ತಲುಪಿದ್ದು 1997ರಲ್ಲಿ! ಅಷ್ಟರಲ್ಲೂ ಸದ್ದಾಂ ಅರಮನೆಗಳನ್ನು ಕಟ್ಟಿಸುತ್ತಲೇ ಇದ್ದರು, 2003ರವರೆಗೆ ಕುರ್ಚಿ ಅಲುಗಲಿಲ್ಲ.

ಮತ ಹಾಕಿ ಸರ್ಕಾರ ಆರಿಸಿದವರಿಗೂ ಹೊಣೆಯಿಲ್ಲವೇ ಎಂದು ಕೇಳಬಹುದು. ನೈತಿಕ ಹೊಣೆ ಖಂಡಿತ ಇದೆ. ಆದರೆ ವಿರುದ್ಧ ಮತ ಹಾಕಿದವರನ್ನೂ ಮಕ್ಕಳನ್ನೂ ಹೊರಗಿಟ್ಟು ಉಳಿದವರನ್ನಷ್ಟೇ ದಂಡಿಸುವ ನಿರ್ಬಂಧ ಎಲ್ಲಿದೆ?

ಯುದ್ಧದ ತೀರ್ಮಾನ ಕೈಗೊಂಡವರ ಆಸ್ತಿ, ವಿದೇಶ ಪ್ರಯಾಣ, ಶಸ್ತ್ರಾಸ್ತ್ರ ಖರೀದಿಗಳೇ ನಿರ್ಬಂಧಗಳ ಗುರಿಯಾಗಲಿ. ಔಷಧ, ಆಹಾರಕ್ಕೆ ವಿನಾಯಿತಿ ಕಾಗದದ ಮೇಲಿದ್ದರೆ ಸಾಲದು. ಅವುಗಳ ಹಣ ಪಾವತಿಗೆ ಬ್ಯಾಂಕ್ ವ್ಯವಹಾರವನ್ನೂ ಮುಕ್ತವಾಗಿಡಬೇಕು.