ಸೋಮವಾರ ಜೈಲಿಗೆ ಹೋಗುವ ಮೊದಲು

ಪುಟ್ಟಿ,

ನಿನ್ನೆ ನೀನು ಫೋನಿಟ್ಟ ರೀತಿಗೆ ಅಮ್ಮ ನನ್ನನ್ನೇ ಬೈದಳು. ತಪ್ಪು ನನ್ನದೇ. ಕಳ್ಳ ಸರ ಕಿತ್ತಾಗ ಆದ ಕತ್ತಿನ ಗಾಯ ಇನ್ನೂ ಮಾಯದವಳಿಗೆ ‘ಕಣ್ಣಾರೆ ಕಂಡರೂ ಪ್ರಮಾಣಿಸಿ ನೋಡು’ ಅಂತ ಗಾದೆ ಹೇಳಬಾರದಿತ್ತು.

ಆದರೂ ಜೈಲಿನಲ್ಲಿ ಸಾಲಾಗಿ ನಿಂತವರಲ್ಲಿ ಅವನನ್ನು ತೋರಿಸಬೇಕಾದ ಆ ಗುರುತು ಪರೇಡಿಗೆ ಮೊದಲು ಇದೊಂದು ಕೇಳು. ನನ್ನ ಸೈಕಲ್ ಕಳವಾಗಿ ಸಿಕ್ಕ ಕತೆ ನಿನಗೆ ಗೊತ್ತು. ನಡುವೆ ಒಬ್ಬ ಹುಡುಗನಿದ್ದ, ಅದನ್ನು ಹೇಳಿರಲಿಲ್ಲ. ಠಾಣೆಯಲ್ಲಿ ಬೆಂಚಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದ. ಹಳದಿ ಅಂಗಿ, ಎರಡನೇ ಗುಂಡಿಯ ಜಾಗದಲ್ಲಿ ಪಿನ್ನು. ‘ಇವನೇನಾ ಮೇಷ್ಟ್ರೇ?’ ಅಂದರು. ‘ಇವನೇ’ ಅಂದೆ. ಮೂರನೇ ದಿನ ಸೈಕಲ್ ಬೇರೆಯವನ ಹತ್ತಿರ ಸಿಕ್ಕಿತು. ಅಷ್ಟರಲ್ಲಿ ಹುಡುಗನ ಅಂಗಾಲು ಊದಿತ್ತು. ನಾನು ಗುರುತು ಹಿಡಿದದ್ದು ಅಂಗಿಯನ್ನು. ಕಳ್ಳ ತೊಟ್ಟಿದ್ದೇ ಹಳದಿಯೋ, ಠಾಣೆಗೆ ಹೋದ ಮೇಲೆ ನನ್ನ ತಲೆಯಲ್ಲಿ ಹಳದಿಯಾಯಿತೋ, ಈಗ ಅದೂ ತಿಳಿಯುತ್ತಿಲ್ಲ. ಆ ಪಿನ್ನು ನೆನಪಿದೆ, ಮುಖ ಬರುವುದಿಲ್ಲ.

ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 1984ರಲ್ಲಿ ಜೆನಿಫರ್ ಥಾಂಪ್ಸನ್ ಎಂಬ ವಿದ್ಯಾರ್ಥಿನಿ, ತನ್ನ ಮೇಲೆ ಅತ್ಯಾಚಾರ ಮಾಡುತ್ತಿದ್ದವನ ಮುಖವನ್ನು ನೆನಪಿಡಲೆಂದೇ ದಿಟ್ಟಿಸಿ ನೋಡಿದ್ದಳು. ಫೋಟೋಗಳಲ್ಲೂ ಸಾಲಿನಲ್ಲೂ ರೊನಾಲ್ಡ್ ಕಾಟನ್‌ನನ್ನೇ ತೋರಿಸಿದಳು. ಎರಡು ಸಲವೂ ಒಬ್ಬನನ್ನೇ ಆರಿಸಿದ್ದೀಯ ಅಂತ ಪೊಲೀಸರು ಹೇಳಿದ ಮೇಲಂತೂ ಅನುಮಾನವೇ ಉಳಿಯಲಿಲ್ಲ. ಮುಂದೆ ನಿಜವಾಗಿ ಮಾಡಿದವನನ್ನೇ ಕೋರ್ಟಿನಲ್ಲಿ ಎದುರಿಗೆ ತಂದರೆ, ಇವನನ್ನು ನೋಡಿಯೇ ಇಲ್ಲ ಅಂದಳು. 1995ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಕಾಟನ್ ಜೈಲಿನಿಂದ ಹೊರಬರುವಾಗ ಹತ್ತು ವರ್ಷ ದಾಟಿತ್ತು. ಅವಳು ಸುಳ್ಳು ಹೇಳಿರಲಿಲ್ಲ ಪುಟ್ಟಿ. ನಾನೂ ಹೇಳಿರಲಿಲ್ಲ.

ನಿನ್ನ ಸರ ಕಿತ್ತವನು ಹೆಲ್ಮೆಟ್ ಹಾಕಿದ್ದ ಅಂದೆ. ಪೊಲೀಸರು ಮೊಬೈಲಿನಲ್ಲಿ ಫೋಟೋ ಏನಾದರೂ ತೋರಿಸಿದ್ದಾರಾ? ತೋರಿಸಿದ್ದರೆ ಪರೇಡ್ ನಡೆಸುವ ತಹಶೀಲ್ದಾರರಿಗೆ ಮೊದಲೇ ಹೇಳು. ಸಾಲಿನಲ್ಲಿ ಅವನು ಇಲ್ಲದೆಯೂ ಇರಬಹುದು. ‘ಇರಬಹುದು’ ಅನ್ನಿಸಿದರೆ ‘ಇರಬಹುದು’ ಅಂತಲೇ ಬರೆಸು. ನಾಳೆ ಕೋರ್ಟಿನಲ್ಲಿ ಮತ್ತೆ ಬೆರಳು ತೋರಿಸಬೇಕಾಗುತ್ತದೆ, ಆಗ ಕಣ್ಣ ಮುಂದೆ ಬರುವುದು ಬೈಕಿನವನ ಮುಖವಲ್ಲ, ಪರೇಡಿನಲ್ಲಿ ನೋಡಿದ್ದು. ನೋಡು, ಮತ್ತೆ ಪಾಠ ಶುರುಮಾಡಿದೆ.

ಬೈಕಿನ ಹಿಂದೆ ಅಷ್ಟು ದೂರ ಓಡಿದೆಯಂತೆ. ಅಮ್ಮ ಅತ್ತಳು, ನಾನು ಬೀದಿಗೆಲ್ಲ ಹೇಳಿಕೊಂಡು ಬಂದೆ. ಇನ್ನು ಹಾಗೆ ಓಡಬೇಡ. ಅಜ್ಜಿಯ ಸರವಾದರೂ ಹೋದರೆ ಹೋಗಲಿ.

ಭಾನುವಾರ ರಾತ್ರಿ ಬಸ್ಸಿಗೆ ಬರಲಾ? ಒಳಗೆ ಬಿಡುವುದಿಲ್ಲ, ಗೊತ್ತು. ಗೇಟಿನ ಹತ್ತಿರ ನಿಂತಿರುತ್ತೇನೆ.

ಅಪ್ಪ