ಮೂರನೇ ಬೆಂಚು

ಪ್ರೀತಿಯ ಬಸು,

ಆಲಮಟ್ಟಿ ಹಿನ್ನೀರಿನ ಮಾತು ಬಂದಾಗಲೆಲ್ಲ ನೀನು ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತೀಯ. ಜನರೆಲ್ಲ ಎದ್ದು ಹೋದ ಮೇಲೆ ಗುಡಿಯಲ್ಲಿ ಏನು ಉಳಿಯುತ್ತದೆ ಅಂತ. ಹೋದ ತಿಂಗಳು ರೊಮೇನಿಯಾದ ಒಂದು ಹಳ್ಳಿಯ ಚರ್ಚಿನಲ್ಲಿ ನಿಂತಿದ್ದಾಗ ನಿನ್ನ ಆ ಮಾತು ಬಹಳ ನೆನಪಾಯಿತು. ಅದಕ್ಕೇ ಫೋನು ಮಾಡದೆ ಕೂತು ಬರೆಯುತ್ತಿದ್ದೇನೆ.

ನ್ಯೂರೆಂಬರ್ಗಿನಲ್ಲಿ ನಮ್ಮ ಮೇಲಿನ ಮನೆಯ ಅಜ್ಜಿ ಗೊತ್ತಲ್ಲ, ಯುಗಾದಿಗೆ ನಮ್ಮ ಹೋಳಿಗೆ ಇಷ್ಟಪಟ್ಟು ತಿಂದವರು? ಅವರ ಮನೆಮಾತು ಇಲ್ಲಿಯ ಜರ್ಮನ್ ಹಾಗಿಲ್ಲ, ಲಕ್ಸೆಂಬರ್ಗಿನ ಕಡೆಯ ಮಾತಿಗೆ ಹತ್ತಿರ. ಒಂದು ದಿನ ಕೇಳಿದೆ. "ನಮ್ಮೂರು ಟ್ರಾನ್ಸಿಲ್ವೇನಿಯಾ" ಅಂದರು. ಈಗ ರೊಮೇನಿಯಾದಲ್ಲಿರುವ ಸೀಮೆ ಅದು, ಆಗ ಹಂಗೇರಿಯ ರಾಜ್ಯಕ್ಕೆ ಸೇರಿತ್ತು. 12ನೇ ಶತಮಾನದಲ್ಲಿ ಹಂಗೇರಿಯ ದೊರೆ ಎರಡನೇ ಗೇಜಾ ತನ್ನ ರಾಜ್ಯದ ಗಡಿ ಕಾಯಲು, ಕಾಡು ಕಡಿದು ಹೊಲ ಮಾಡಲು ರೈನ್ ಮತ್ತು ಮೊಸೆಲ್ ನದಿಗಳ ಕಡೆಯ ಜನರನ್ನು ಕರೆಸಿದ. ಬಂದವರಿಗೆ ಸ್ಯಾಕ್ಸನರು ಅಂತ ಹೆಸರಾಯಿತು. 1224ರಲ್ಲಿ ದೊರೆ ಎರಡನೇ ಆಂಡ್ರ್ಯೂ ಅವರಿಗೊಂದು ಸನ್ನದು ಕೊಟ್ಟ. ತಮ್ಮ ಪಾದ್ರಿಯನ್ನು ತಾವೇ ಆರಿಸಿಕೊಳ್ಳುವ ಹಕ್ಕು ಅದರಲ್ಲೇ ಇತ್ತು. ದೊರೆ ಕೊಟ್ಟ ಆ ನೆಲದಲ್ಲಿ ಜಮೀನ್ದಾರ ಇರಲಿಲ್ಲ.

ಜಮೀನ್ದಾರ ಇಲ್ಲ ಅಂದರೆ ಕೋಟೆ ಕಟ್ಟಿಸುವವನೂ ಇಲ್ಲ. 1241ರಲ್ಲಿ ಮಂಗೋಲರು ಊರೂರು ಸುಟ್ಟರು. 15ನೇ ಶತಮಾನದಲ್ಲಿ ತುರ್ಕರ ದಂಡು ಮತ್ತೆ ಮತ್ತೆ ಬಂತು. ಊರಿನಲ್ಲಿ ಗಟ್ಟಿ ಕಟ್ಟಡ ಅಂದರೆ ಚರ್ಚೊಂದೇ. ರೈತರು ಅದರ ಸುತ್ತಲೇ ಗೋಡೆ ಎಬ್ಬಿಸಿದರು, ಬುರುಜು ಕಟ್ಟಿದರು. ನಿಮ್ಮ ಕಡೆಯ ಊರು ಕಾಯುವ ಹುಡೇವು ಮತ್ತು ಕಾಳು ತುಂಬಿಡುವ ಹಗೇವು ಎರಡನ್ನೂ ಗುಡಿಯ ಅಂಗಳಕ್ಕೇ ತಂದಿಟ್ಟ ಹಾಗೆ. ಪ್ರೆಜ್ಮೆರ್ ಅನ್ನುವ ಊರಿನಲ್ಲಿ ಗೋಡೆಯ ಒಳಮೈಗೆ 270ಕ್ಕೂ ಹೆಚ್ಚು ಕೋಣೆಗಳಿವೆ. ಮನೆಗೊಂದು ಕೋಣೆ, ಬಾಗಿಲಿಗೊಂದು ನಂಬರು. ದಂಡು ಬಂದರೆ ಇಡೀ ಊರು ಒಳಗೆ. ಕೆಲವು ಊರುಗಳಲ್ಲಿ ಒಂದು ಬುರುಜೇ ಹಂದಿ ಕೊಬ್ಬಿಗೆ ಮೀಸಲು. ಉಪ್ಪು ಹಚ್ಚಿದ ಕೊಬ್ಬಿನ ಪಟ್ಟಿಗಳನ್ನು ಎಲ್ಲರೂ ಅಲ್ಲೇ ತೂಗುಹಾಕುವರು. ವಾರಕ್ಕೊಮ್ಮೆ ಬಾಗಿಲು ತೆಗೆದಾಗ ತಂತಮ್ಮ ಪಟ್ಟಿಯಿಂದ ವಾರಕ್ಕಾಗುವಷ್ಟು ಕೊಯ್ದುಕೊಂಡು ಹೋಗುವರು. ಬೇರೆಯವರು ಕೊಯ್ಯಬಾರದು ಅಂತ ಕೊಯ್ದ ಜಾಗಕ್ಕೆ ಮುದ್ರೆ ಒತ್ತುತ್ತಿದ್ದರು!

ಬಿಯೆರ್ತಾನ್ ಚರ್ಚನ್ನು ನೀನು ನೋಡಬೇಕು. 1572ರಿಂದ 1867ರವರೆಗೆ ಅವರ ಬಿಷಪ್ ಇದ್ದ ಊರು ಅದು. ಸುತ್ತ ಮೂರು ಸುತ್ತಿನ ಗೋಡೆ. ಒಳಗೊಂದು ಬಾಗಿಲಿದೆ. ಕೀಲಿಕೈ ತಿರುಗಿಸಿದರೆ ಹನ್ನೆರಡಕ್ಕೂ ಜಾಸ್ತಿ ಅಗುಳಿಗಳು ಒಟ್ಟಿಗೇ ಸರಿಯುತ್ತವೆ. 1900ರಲ್ಲಿ ಪ್ಯಾರಿಸ್ಸಿನ ಜಾಗತಿಕ ಮೇಳದಲ್ಲಿ ಈ ಬೀಗವನ್ನು ತೋರಿಸಿದ್ದರು.

ಕಲ್ಲಿಗಿಂತ ನನಗೆ ಹಿಡಿಸಿದ್ದು ಅವರ ಓಣಿಯ ಕಟ್ಟುಪಾಡು. ಒಂದೊಂದು ಓಣಿಗೂ ಒಂದು ಸಂಘ. ಮನೆ ಕಟ್ಟುವುದಕ್ಕೆ, ಮದುವೆಗೆ, ಹೆಣಕ್ಕೆ ಗುಂಡಿ ತೋಡುವುದಕ್ಕೆ ಓಣಿಯವರೇ ಬರಬೇಕು. ನಮ್ಮ ಮುಯ್ಯಾಳಿನ ಹಾಗೆ, ಆದರೆ ತಪ್ಪಿಸಿಕೊಂಡರೆ ದಂಡ. ಹೀಗೆ ಎಂಟು ನೂರು ವರ್ಷ ಬಾಳಿದರು, ಬಸು.

ಹಾಳಾದದ್ದು ಬೇಗ. ಎರಡನೇ ಮಹಾಯುದ್ಧದ ಹೊತ್ತಿಗೆ ಅವರು ಸುಮಾರು 2.5 ಲಕ್ಷ ಇದ್ದರು. ಗಂಡಸರಲ್ಲಿ ಬಹಳ ಜನ ಹಿಟ್ಲರನ ಪಡೆ ಸೇರಿದ್ದರು. ಅಜ್ಜಿ ಇದನ್ನು ಮುಚ್ಚಿಡಲಿಲ್ಲ. 1945ರ ಜನವರಿಯಲ್ಲಿ 17ರಿಂದ 45ರ ಗಂಡಸರನ್ನು, 18ರಿಂದ 30ರ ಹೆಂಗಸರನ್ನು ಸೋವಿಯತ್ ಗಣಿಗಳಿಗೆ ದುಡಿಯಲು ರೈಲು ಹತ್ತಿಸಿದರು. ಅಜ್ಜಿಯ ತಾಯಿಗೆ ಆಗ 19. ಅದೇ ವರ್ಷ ಹೊಲಗಳೂ ಕೈಬಿಟ್ಟವು. ಆಮೇಲೆ ರೊಮೇನಿಯಾದ ಸರ್ವಾಧಿಕಾರಿ ಚೌಷೆಸ್ಕು ಕಾಲದಲ್ಲಿ ಪಶ್ಚಿಮ ಜರ್ಮನಿ ತಲೆಗಿಷ್ಟು ಅಂತ ದುಡ್ಡು ಕೊಟ್ಟು ರೊಮೇನಿಯಾದ ಜರ್ಮನ್ನರನ್ನು ಬಿಡಿಸಿಕೊಂಡಿತು, 1989ರೊಳಗೆ 2 ಲಕ್ಷಕ್ಕೂ ಜಾಸ್ತಿ ಜನರನ್ನು. ಚೌಷೆಸ್ಕು ಬಿದ್ದ ಮೇಲೆ, 1990 ಒಂದೇ ವರ್ಷದಲ್ಲಿ 1 ಲಕ್ಷಕ್ಕೂ ಹೆಚ್ಚು ಜನ ಹೊರಟರು. ಯಾರೂ ಓಡಿಸಲಿಲ್ಲ. ಪಕ್ಕದ ಮನೆ ಖಾಲಿಯಾಯಿತು, ಎದುರಿನದು ಖಾಲಿಯಾಯಿತು, ಇನ್ನು ಯಾರ ಜೊತೆ ಇರೋದು ಅಂದರು ಅಜ್ಜಿ. ಹೊರಡುವ ಬೆಳಿಗ್ಗೆ ಮನೆಯೆಲ್ಲ ಗುಡಿಸಿ, ಕೋಳಿಗಳನ್ನು ರೊಮೇನಿಯನ್ ನೆರೆಯವರಿಗೆ ಕೊಟ್ಟು ಬಂದರಂತೆ. ಇವತ್ತು ಅಲ್ಲಿ ಸ್ಯಾಕ್ಸನರು 15 ಸಾವಿರವೂ ಇಲ್ಲ.

ಕೋಟೆ ಚರ್ಚುಗಳು ಇನ್ನೂ ಸುಮಾರು 150 ನಿಂತಿವೆ. ಏಳು ಊರುಗಳದ್ದು ಯುನೆಸ್ಕೋ ಪಟ್ಟಿಯಲ್ಲಿವೆ. ಉಳಿದವುಗಳ ಸೂರು ನೋಡುವವರು ಕಡಿಮೆ. 2016ರ ಫೆಬ್ರವರಿಯಲ್ಲಿ ಕೆಲವೇ ದಿನಗಳ ಅಂತರದಲ್ಲಿ ಎರಡು ಊರುಗಳ ಗೋಪುರ ಕುಸಿದವು.

ಅವರ ಊರಿಗೆ ನಾನು ಹೊರಟಾಗ ಅಜ್ಜಿ ಒಂದೇ ಮಾತು ಹೇಳಿದ್ದರು. "ನನ್ನಿಂದ ಆಗೋದಿಲ್ಲ, ನೀನು ಹೋಗಿ ಬಾ. ನಡುವಿನ ಸಾಲಿನಲ್ಲಿ ಮೂರನೇ ಬೆಂಚು ನಮ್ಮದು."

ಚರ್ಚಿನ ಗೇಟಿಗೆ ಒಂದು ಫೋನ್ ನಂಬರು ಅಂಟಿಸಿತ್ತು. ಮಾಡಿದೆ. ಹತ್ತು ನಿಮಿಷದಲ್ಲಿ ರೊಮೇನಿಯನ್ ಹೆಂಗಸೊಬ್ಬರು ಸೆರಗಿಗೆ ಕೈ ಒರೆಸಿಕೊಳ್ಳುವ ನಮ್ಮ ಹೆಂಗಸರ ಹಾಗೆ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಕೈಯಲ್ಲಿ ಮೊಳಕೈಯುದ್ದದ ಕೀಲಿಕೈ. ಅವರದು ಬೇರೆ ಪಂಥ, ಬೇರೆ ಚರ್ಚು. ಒಳಗೆ ತಣ್ಣಗಿತ್ತು. ಹಾಡಿನ ನಂಬರು ತೋರಿಸುವ ಹಲಗೆಯಲ್ಲಿ ಮೂರು ನಂಬರುಗಳು ಹಾಗೇ ಇದ್ದವು. ನಡುವಿನ ಬೆಂಚುಗಳಿಗೆ ಒರಗುವ ಹಲಗೆ ಇಲ್ಲ. ಹುಡುಗಿಯರು ಬೆನ್ನಿಗೆ ಇಳಿಬಿಟ್ಟ ರಿಬ್ಬನ್ನು ಮುದುಡಬಾರದು ಅಂತ ಹಾಗೆ ಮಾಡಿದ್ದರಂತೆ.

ಎಣಿಸಿಕೊಂಡು ಹೋಗಿ ಮೂರನೆಯದರಲ್ಲಿ ಕೂತೆ. ಆ ತಾಯಿ ಕೂಡಲೇ ಹತ್ತಿರ ಬಂದು ತಲೆಯಾಡಿಸಿದರು. ನನಗೆ ಅವರ ಮಾತು ಬರದು. ಬೆಂಚು ತೋರಿಸಿ ತಮ್ಮ ತಲೆವಸ್ತ್ರ ಮುಟ್ಟಿಕೊಂಡರು, ಆಮೇಲೆ ಗೋಡೆಯ ಪಕ್ಕದ ಸಾಲು ತೋರಿಸಿದರು. ಇದು ಹೆಂಗಸರದು, ಗಂಡಸರು ಅಲ್ಲಿ. ಎದ್ದು ಆ ಕಡೆ ಹೋಗಿ ಕೂತೆ.

ವಾಪಸು ಬಂದು ಅಜ್ಜಿಗೆ ಇದನ್ನೇ ಮೊದಲು ಹೇಳಿದೆ. ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡು ಕೂತಿದ್ದರು.

ಬೇಸಿಗೆಯಲ್ಲಿ ನೀರು ಇಳಿದಾಗ ಹನುಮಪ್ಪನ ಹಳೆ ಗುಡಿಗೆ ಹೋಗ್ತೀಯ ಅಲ್ವಾ? ಅಲ್ಲಿ ಯಾರು ಎಲ್ಲಿ ಕೂರುತ್ತಿದ್ದರು, ನಿಮ್ಮವ್ವ ಯಾವ ಕಂಬಕ್ಕೆ ಒರಗುತ್ತಿದ್ದಳು, ಬರೆದು ಕಳಿಸು.

ನಿನ್ನ,
ರವಿ